ಮುಖ ಬೆಳಗಿಸಿದ್ರೆ ಮೋಡ ಮಾಯ!

ಪ್ರಶ್ನೆ: ಸಂಜೆ ಬೆಳಕಿಗೆ ಬೆನ್ನು ಮಾಡಿ ನಿಂತವರ ಫೋಟೋ ತೆಗ್ದಿದೀನಿ, ಮುಖ ಪೂರ್ತಿ ಕಪ್ಪು. ಫೋಟೋಶಾಪ್‌ನಲ್ಲಿ ಬ್ರೈಟ್‌ನೆಸ್ ಏರಿಸಿದ್ರೆ ಹಿಂದಿನ ಮೋಡ ಎಲ್ಲಾ ಬೆಳ್ಳಗಾಗಿ ಹೋಗತ್ತೆ. ಲೇಯರ್ ಮಾಸ್ಕ್ (ಬದಲಾವಣೆ ಎಲ್ಲಿ ಕಾಣ್ಬೇಕು, ಎಲ್ಲಿ ಬೇಡ ಅಂತ ಹೇಳೋ ಮುಸುಕು) ಹಾಕಿ ನೋಡ್ದೆ, ತಲೆ ಸುತ್ತ ಬಿಳಿ ಗೆರೆ ಬಂತು. ಏನ್ಮಾಡ್ಲಿ ಸರ್?

ಉತ್ತರ: ಮೊದ್ಲು ಆ ಬ್ರೈಟ್‌ನೆಸ್ ಸ್ಲೈಡರ್ ಸಹವಾಸ ಬಿಡಿ. ಕರ್ವ್ಸ್ ಅಡ್ಜಸ್ಟ್‌ಮೆಂಟ್ ಲೇಯರ್ (ಫೋಟೋ ಮುಟ್ಟದೆ ಮೇಲಿಂದ್ಲೇ ಬೆಳಕು ಬದಲಿಸೋ ಪದರ) ಹಾಕಿ, ಅದರ ಜೊತೆಗೇ ಒಂದು ಬಿಳಿ ಮಾಸ್ಕ್ ತಾನಾಗೇ ಬರತ್ತೆ. ಕರ್ವ್ ಗೆರೆಯ ನಡುಭಾಗ ಹಿಡಿದು ಮೇಲೆತ್ತಿ, ಮುಖ ಒಂದನ್ನೇ ನೋಡ್ತಾ ಎತ್ತಿ, ಮೋಡ ಹಾಳಾದ್ರೆ ಸದ್ಯಕ್ಕೆ ಆಗ್ಲಿ ಬಿಡಿ. ಆಮೇಲೆ ಕಂಟ್ರೋಲ್ ಐ ಒತ್ತಿ, ಮಾಸ್ಕ್ ಕಪ್ಪಾಗಿ ನೀವು ಮಾಡಿದ್ದೆಲ್ಲ ಮರೆಯಾಗತ್ತೆ, ಆದ್ರೆ ಅಳಿಸಿ ಹೋಗಿರಲ್ಲ. ಈಗ ಮೆತ್ತನೆ ಬಿಳಿ ಬ್ರಷ್ ತಗೊಂಡು ಫ್ಲೋ (ಬ್ರಷ್ಷಿಂದ ಬಣ್ಣ ಹರಿಯೋ ಪ್ರಮಾಣ) 10% ಆಸುಪಾಸು ಇಟ್ಟು ಮುಖದ ಮೇಲೆ ನಿಧಾನಕ್ಕೆ ಬಳೀತಾ ಹೋಗಿ. ಬಿಳಿ ಬಳಿದಲ್ಲಿ ಕರ್ವ್ ಕೆಲಸ ಮಾಡತ್ತೆ, ಕಪ್ಪಿದ್ದಲ್ಲಿ ಇಲ್ಲ, ಬೂದು ಇದ್ದಲ್ಲಿ ಅರೆಬರೆ. ಜಾಸ್ತಿ ಆಯ್ತಾ, ಎಕ್ಸ್ ಒತ್ತಿ ಕಪ್ಪಿಗೆ ಬದಲಾಯಿಸ್ಕೊಂಡು ಮತ್ತೆ ಮುಚ್ಚಿ.

ಇನ್ನು ಆ ಬಿಳಿ ಗೆರೆ. ಬ್ರಷ್ ಕೂದಲು ದಾಟಿ ಆಕಾಶಕ್ಕೆ ಚೆಲ್ಲಿದೆ ಅಷ್ಟೆ. ಆಕಾಶ ಮೊದ್ಲೇ ಬೆಳ್ಳಗಿರೋದ್ರಿಂದ ಚೂರು ಚೆಲ್ಲಿದ್ರೂ ಎದ್ದು ಕಾಣತ್ತೆ, ಅದೇ ಅಂಚಿಗಿಂತ ಒಳಗೇ ನಿಲ್ಲಿಸಿದ್ರೆ ಯಾರಿಗೂ ಗೊತ್ತಾಗಲ್ಲ. ಆಲ್ಟ್ ಹಿಡಿದು ಮಾಸ್ಕ್ ಥಂಬ್‌ನೇಲ್ ಮೇಲೆ ಕ್ಲಿಕ್ ಮಾಡಿ, ಫೋಟೋ ಹೋಗಿ ಮಾಸ್ಕ್ ಒಂದೇ ಕಾಣತ್ತೆ, ಎಲ್ಲಿ ಚೆಲ್ಲಿದೀರಿ ಅಂತ ಆಗ ಗೊತ್ತಾಗತ್ತೆ. ಫೆದರ್ (ಮಾಸ್ಕ್ ಅಂಚನ್ನ ಮಸುಕು ಮಾಡೋ ಸ್ಲೈಡರ್) ಏರಿಸಿ ಸರಿ ಮಾಡೋಕೆ ಹೋಗ್ಬೇಡಿ, ಗೆರೆ ಹೋಗಿ ಪ್ರಭಾವಳಿ ಬರತ್ತೆ!

ಕೂದಲು ಕೆದರಿದ್ರೆ ಕೈಯಲ್ಲಿ ಬಳಿಯೋದು ಕಷ್ಟವೇ. ಅದಕ್ಕೆ ನನಗೆ ಇಷ್ಟವಾದ ದಾರಿ ಒಂದಿದೆ: ಚಾನೆಲ್ಸ್ ಪ್ಯಾನೆಲ್‌ನಲ್ಲಿ ಆರ್‌ಜಿಬಿ ಥಂಬ್‌ನೇಲ್ ಮೇಲೆ ಕಂಟ್ರೋಲ್ ಹಿಡಿದು ಕ್ಲಿಕ್ ಮಾಡಿದ್ರೆ ಬೆಳಕಿರೋ ಭಾಗ ಸೆಲೆಕ್ಟ್ ಆಗತ್ತೆ, ಕಂಟ್ರೋಲ್ ಶಿಫ್ಟ್ ಐ ಒತ್ತಿ ಅದನ್ನ ತಿರುಗಿಸಿ, ಆಮೇಲೆ ಕರ್ವ್ಸ್ ಲೇಯರ್ ಹಾಕಿ. ಫೋಟೋದ ನೆಗೆಟಿವ್ವೇ ಮಾಸ್ಕ್ ಆಗಿ ಕೂತಿರತ್ತೆ, ಒಂದೊಂದು ಎಳೆ ಕೂದಲಿನ ಅಂಚೂ ಅದರಲ್ಲೇ ಇರತ್ತೆ. ಆದ್ರೆ ಬಟ್ಟೆ, ನೆಲ ಎಲ್ಲಾ ಕೂಡ ಬೆಳಗತ್ತಲ್ಲ, ಅದಕ್ಕೆ ಆ ಲೇಯರನ್ನ ಒಂದು ಗ್ರೂಪ್‌ಗೆ ಹಾಕಿ ಗ್ರೂಪ್‌ಗೆ ಬೇರೆ ಕಪ್ಪು ಮಾಸ್ಕ್ ಕೊಟ್ಟು ಅದರಲ್ಲಿ ಮುಖ, ತಲೆ ಅಷ್ಟೇ ದೊಡ್ಡ ಬ್ರಷ್‌ನಲ್ಲಿ ಬಿಳಿ ಬಳೀರಿ, ಎರಡೂ ಮಾಸ್ಕ್ ಬಿಟ್ಟುಕೊಟ್ಟ ಕಡೆ ಮಾತ್ರ ಬೆಳಕು ಏರತ್ತೆ. ಮುಖ ಸ್ವಲ್ಪ ಸಪ್ಪೆ ಅನ್ಸಬಹುದು, ಕರ್ವ್ ಒಂಚೂರು ಇಳಿಸಿ. ಚರ್ಮದ ಬಣ್ಣ ವಿಚಿತ್ರ ಆದ್ರೆ ಲೇಯರ್‌ನ ಬ್ಲೆಂಡ್ ಮೋಡ್ (ಕೆಳಗಿನ ಫೋಟೋ ಜೊತೆ ಬೆರೆಯೋ ರೀತಿ) ಲುಮಿನಾಸಿಟಿ ಮಾಡಿ, ಬಣ್ಣ ಬಿಟ್ಟು ಬೆಳಕು ಮಾತ್ರ ಬದಲಾಗತ್ತೆ.

ಒಂದು ಮಾತು, ಒರಿಜಿನಲ್‌ನಲ್ಲೇ ಮೋಡ 255 (ಅಂದ್ರೆ ಪೂರ್ತಿ ಬಿಳಿ) ಮುಟ್ಟಿ ಬೆಳ್ಳಗಾಗಿದ್ರೆ ಯಾವ ಮಾಸ್ಕೂ ಅದನ್ನ ವಾಪಸ್ ತರಲ್ಲ. ರಾ ಫೈಲ್ (ಕ್ಯಾಮೆರಾದ ಕಚ್ಚಾ ಫೈಲ್) ಇದ್ರೆ ಅಲ್ಲಿಂದ ಶುರು ಮಾಡಿ.

ಪ್ರಶ್ನೆ: ನಿನ್ನೆ ಕೂತು ಮಾಡಿದ ಮಾಸ್ಕ್ ಇವತ್ತು ಫೈಲ್ ತೆರೆದ್ರೆ ಇಲ್ಲವೇ ಇಲ್ಲ, ಯಾಕೆ?

ಉತ್ತರ: ಜೆಪೆಗ್ ಆಗಿ ಸೇವ್ ಮಾಡಿರ್ತೀರಿ. ಜೆಪೆಗ್‌ನಲ್ಲಿ ಲೇಯರ್ ಉಳಿಯಲ್ಲ, ಎಲ್ಲಾ ಒಂದಾಗಿ ಅಂಟಿಕೊಳ್ಳತ್ತೆ, ಹೋದ ಮಾಸ್ಕ್ ಮತ್ತೆ ಮಾಡ್ಬೇಕು. ಕೆಲಸದ ಫೈಲ್ ಪಿಎಸ್‌ಡಿ (ಫೋಟೋಶಾಪ್‌ನದೇ ಫೈಲ್) ಅಥವಾ ಲೇಯರ್ ಸಮೇತ ಟಿಫ್ ಆಗಿ ಇಟ್ಕೊಳ್ಳಿ, ಕಳ್ಸೋಕೆ ಬೇಕಾದಾಗ ಬೇರೆ ಜೆಪೆಗ್ ಕಾಪಿ ತೆಗೀರಿ.