ಕಾವು ಕೂರುವ ಹೇಂಟೆ ಬೇಕು

ಪ್ರಶ್ನೆ: ನಮ್ಮ ತೋಟದ ಮನೆಯಲ್ಲಿ 10 ಗಿರಿರಾಜ ಕೋಳಿಗಳಿವೆ. ಮೊಟ್ಟೆ ಜಾಸ್ತಿ, ಆದರೆ ಕಾವಿಗೆ ಕೂರುವುದಿಲ್ಲ. ಮರಿ ಮಾಡಿಸುವುದು ಹೇಗೆ?
– ಓದುಗರೊಬ್ಬರು, ಮೂಡಿಗೆರೆ

ಉತ್ತರ: ಗಿರಿರಾಜ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಮಿಶ್ರತಳಿ. ಮರಿಗಳು ತಾಯಿಯ ಹಾಗೇ ಬರುತ್ತವೆ ಅನ್ನುವಂತಿಲ್ಲ. ಮನೆಯಲ್ಲೇ ತಳಿ ಮುಂದುವರಿಸಲು ಮೊಟ್ಟೆಗೂ ಸಾರಿಗೂ ಆಗುವ ನಾಟಿ ಕೋಳಿಯೇ ಸರಿ. ಸಕಲೇಶಪುರದ ನಮ್ಮ ಮನೆಯಲ್ಲಿ ಒಂದು ಬೂದು ಹೇಂಟೆ ಇದೆ. 12 ಮೊಟ್ಟೆ ಇಟ್ಟು ಕೂರಿಸಿದರೆ 21 ದಿನವೂ ಗಟ್ಟಿಯಾಗಿ ಕೂರುತ್ತದೆ. ಕೈ ಹಾಕಿದರೆ ರೆಕ್ಕೆ ಉಬ್ಬಿಸಿ ಕುಟುಕುತ್ತದೆ. ಅಂಥ ತಾಯಿಯ ಮರಿಗಳನ್ನೇ ಉಳಿಸಿಕೊಳ್ಳಿ. ಗಿರಿರಾಜದ ಮೊಟ್ಟೆಯನ್ನೂ ಅದರಡಿ ಇಡಬಹುದು. 8–10 ಹೇಂಟೆಗೆ ಒಂದು ಹುಂಜ ಸಾಕು. ಅದನ್ನು ಮಾತ್ರ ಬೇರೆ ಊರಿಂದ ತನ್ನಿ, ಒಡಹುಟ್ಟಿದವನ್ನು ಕೂಡಿಸಬೇಡಿ. 7ನೇ ರಾತ್ರಿ ಮೊಟ್ಟೆಗೆ ಟಾರ್ಚ್ ಹಿಡಿಯಿರಿ. ಕೆಂಪು ನರ ಕಾಣದಿದ್ದರೆ ತೆಗೆದುಬಿಡಿ.