ಪೆನ್‌ಡ್ರೈವ್‌ನ ಫೋಲ್ಡರ್‌ಗಳೆಲ್ಲ ಶಾರ್ಟ್‌ಕಟ್ ಆಗಿವೆ, ಫಾರ್ಮ್ಯಾಟ್ ಮಾಡಿದರೂ ವೈರಸ್ ಹೋಗುತ್ತಿಲ್ಲ. ಏನು ಮಾಡಲಿ?

ನಿಮ್ಮ ಪ್ರಶ್ನೆ ಇಷ್ಟು: ದಾವಣಗೆರೆಯಲ್ಲಿ ಕಾಲೇಜಿನ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಪ್ರಾಜೆಕ್ಟ್ ರಿಪೋರ್ಟ್ ಪ್ರಿಂಟ್ ತೆಗೆಸಿದಿರಿ. ಮನೆಗೆ ಬಂದು ಪೆನ್‌ಡ್ರೈವ್ ಹಾಕಿದರೆ ಫೋಲ್ಡರ್‌ಗಳ ಜಾಗದಲ್ಲಿ ಬರೀ ಶಾರ್ಟ್‌ಕಟ್. ತಂಗಿಯ ಪೆನ್‌ಡ್ರೈವ್ ಫಾರ್ಮ್ಯಾಟ್ ಮಾಡಿ ಹಾಕಿದರೆ ಎರಡೇ ನಿಮಿಷಕ್ಕೆ ಅದಕ್ಕೂ ಬಂತು.

ಪ್ರಾಜೆಕ್ಟ್ ಇರುವ ಪೆನ್‌ಡ್ರೈವನ್ನು ದಯವಿಟ್ಟು ಫಾರ್ಮ್ಯಾಟ್ ಮಾಡಬೇಡಿ. ನಿಮ್ಮ ಫೈಲುಗಳು ಬಹುತೇಕ ಅಲ್ಲೇ ಇವೆ, ಕಾಣುತ್ತಿಲ್ಲ ಅಷ್ಟೆ. ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ನೋಡಿ. ಬಳಕೆಯಾದ ಜಾಗ ಮೊದಲಿನಷ್ಟೇ ತೋರಿಸಿದರೆ ಗಾಬರಿ ಬೇಡ.

ಇನ್ನು, ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವಿಗೂ ಬಂತು ಅಂದಿರಲ್ಲ, ಅದರಲ್ಲೇ ಕಾರಣವಿದೆ. ವೈರಸ್ ಈಗ ನಿಮ್ಮ ಪಿಸಿಯಲ್ಲಿ ಓಡುತ್ತಿದೆ. ಯಾವ ಡ್ರೈವ್ ಸಿಕ್ಕಿಸಿದರೂ ಅದರ ಫೋಲ್ಡರ್‌ಗಳಿಗೆ ಹಿಡನ್, ಸಿಸ್ಟಮ್ ಎಂಬ ಎರಡು ಗುಣ ಹಚ್ಚಿ ಮರೆಮಾಡುತ್ತದೆ, ಅದೇ ಹೆಸರಿನ ಶಾರ್ಟ್‌ಕಟ್ ಇಡುತ್ತದೆ. ನೀವು ಡಬಲ್ ಕ್ಲಿಕ್ ಮಾಡಿದಾಗ ಆ ಶಾರ್ಟ್‌ಕಟ್ ಮೊದಲು ವೈರಸ್ಸನ್ನು ಎಬ್ಬಿಸಿ, ಆಮೇಲೆ ನಿಜವಾದ ಫೋಲ್ಡರ್ ತೆರೆಯುತ್ತದೆ. ಫೋಲ್ಡರ್ ತೆರೆದುಕೊಳ್ಳುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಪೆನ್‌ಡ್ರೈವ್ ಹಾಕಿದ ಮಾತ್ರಕ್ಕೆ ವೈರಸ್ ತಾನಾಗಿ ಓಡುವ ಆಟೊರನ್ ಹಾದಿಯನ್ನು ಮೈಕ್ರೋಸಾಫ್ಟ್ ವಿಂಡೋಸ್ 7ರಲ್ಲೇ ಮುಚ್ಚಿತು. ಅದಕ್ಕೇ ಇವು ನಿಮ್ಮ ಕೈಯಿಂದಲೇ ಕ್ಲಿಕ್ ಮಾಡಿಸುತ್ತವೆ.

ಹಾಗಾಗಿ ಮೊದಲು ಪಿಸಿ, ಆಮೇಲೆ ಪೆನ್‌ಡ್ರೈವ್. ಈ ಕ್ರಮ ತಪ್ಪಿದರೆ ಎಷ್ಟು ಸಲ ತೊಳೆದರೂ ಕೊಳೆ ವಾಪಸ್ ಬರುತ್ತದೆ.

ಒಂದು ಶಾರ್ಟ್‌ಕಟ್ ಮೇಲೆ ರೈಟ್ ಕ್ಲಿಕ್ ಮಾಡಿ (ಡಬಲ್ ಕ್ಲಿಕ್ ಬೇಡ) ಪ್ರಾಪರ್ಟೀಸ್‌ನಲ್ಲಿ ಟಾರ್ಗೆಟ್ ಸಾಲು ಓದಿ. ವೈರಸ್ ಫೈಲಿನ ಹೆಸರು ಅಲ್ಲೇ ಇರುತ್ತದೆ, ಸಾಮಾನ್ಯವಾಗಿ ಕೊನೆಯಲ್ಲಿ ಡಾಟ್ ವಿಬಿಎಸ್ ಎಂದಿರುತ್ತದೆ. ಹೆಸರು ಬರೆದಿಟ್ಟುಕೊಂಡು ಪೆನ್‌ಡ್ರೈವ್ ತೆಗೆಯಿರಿ, ವೈಫೈ ಆಫ್ ಮಾಡಿ.

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರುತ್ತದೆ. ಡೀಟೇಲ್ಸ್ ವಿಭಾಗದಲ್ಲಿ ಡಬ್ಲ್ಯೂಸ್ಕ್ರಿಪ್ಟ್ ಎಂಬ ಹೆಸರು ಕಂಡರೆ ಎಂಡ್ ಟಾಸ್ಕ್ ಕೊಡಿ, ಎರಡು ಮೂರು ಇದ್ದರೆ ಎಲ್ಲಕ್ಕೂ. ಇದು ವಿಂಡೋಸ್‌ನದೇ ಪ್ರೋಗ್ರಾಮು, ವೈರಸ್ ಅದರ ಹೆಗಲೇರಿ ಓಡುತ್ತಿದೆ. ಆದ್ದರಿಂದ ಸಿಸ್ಟಮ್ 32 ಫೋಲ್ಡರಿನಿಂದ ಅದನ್ನು ಡಿಲೀಟ್ ಮಾಡಲು ಹೋಗಬೇಡಿ. ಹಾಗೆಯೇ ಕನ್ನಡ ಟೈಪಿಂಗಿಗೆ ಹಾಕಿಕೊಂಡ ನುಡಿ ಅಥವಾ ಬರಹ ಪಟ್ಟಿಯಲ್ಲಿ ಕಂಡರೆ ಅದನ್ನೂ ಬಿಡಿ, ಹಿನ್ನೆಲೆಯಲ್ಲಿ ಓಡುವುದೇ ಅವುಗಳ ಕೆಲಸ.

ಪಿಸಿ ಆನ್ ಆದಾಗಲೆಲ್ಲ ವೈರಸ್ ಏಳುವ ದಾರಿಯನ್ನೂ ಕಡಿಯಬೇಕು. ವಿಂಡೋಸ್ ಕೀ ಜೊತೆ ಆರ್ ಒತ್ತಿ, ಇಂಗ್ಲಿಷಿನಲ್ಲಿ ಶೆಲ್, ಕೋಲನ್, ಸ್ಟಾರ್ಟಪ್ ಎಂದು ನಡುವೆ ಜಾಗ ಬಿಡದೆ ಟೈಪ್ ಮಾಡಿ ಎಂಟರ್ ಕೊಡಿ. ತೆರೆದ ಫೋಲ್ಡರಿನಲ್ಲಿ ನೀವು ಬರೆದಿಟ್ಟ ಹೆಸರಿದ್ದರೆ ಡಿಲೀಟ್ ಮಾಡಿ. ಹಾಗೆಯೇ ಪರ್ಸೆಂಟ್ ಗುರುತುಗಳ ನಡುವೆ ಆ್ಯಪ್‌ಡೇಟಾ, ಇನ್ನೊಮ್ಮೆ ಟೆಂಪ್ ಎಂದು ಕೊಟ್ಟು ಅಲ್ಲೂ ಹುಡುಕಿ. ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ಹಿಡನ್ ಫೈಲುಗಳನ್ನು ತೋರಿಸುವ ಆಯ್ಕೆ ಆನ್ ಇರಲಿ, ಫೈಲ್ ಎಕ್ಸ್‌ಟೆನ್ಶನ್ ಮರೆಮಾಡುವ ಆಯ್ಕೆ ಆಫ್ ಇರಲಿ. ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಬರೆದಿಡುವ ರಿಜಿಸ್ಟ್ರಿಯಲ್ಲೂ ಒಂದು ನಮೂದು ಉಳಿದಿರುತ್ತದೆ. ಅದಕ್ಕೆ ಮೈಕ್ರೋಸಾಫ್ಟಿನ ಉಚಿತ ಆಟೊರನ್ಸ್ ಸಾಧನದ ಲಾಗಾನ್ ವಿಭಾಗ ಸುಲಭ, ರಿಜಿಸ್ಟ್ರಿ ಕೈಯಾರೆ ತಿದ್ದುವುದಕ್ಕಿಂತ ಕ್ಷೇಮ. ಆನ್ ಮಾಡಿದಾಗ 'ಸ್ಕ್ರಿಪ್ಟ್ ಫೈಲ್ ಸಿಗಲಿಲ್ಲ' ಎಂಬ ಎಚ್ಚರಿಕೆ ಬಂದರೆ ವೈರಸ್ ಮರಳಿದೆ ಎಂದಲ್ಲ. ಫೈಲ್ ಹೋಗಿದೆ, ಅದನ್ನು ಕರೆಯುವ ಸಾಲು ಮಾತ್ರ ಉಳಿದಿದೆ. ಆಟೊರನ್ಸ್‌ನಲ್ಲಿ ಅಂಥ ಸಾಲು ಹಳದಿ ಬಣ್ಣದಲ್ಲಿ ಕಾಣುತ್ತದೆ, ತೆಗೆದುಬಿಡಿ.

ಈಗ ವೈಫೈ ಆನ್ ಮಾಡಿ ವಿಂಡೋಸ್ ಸೆಕ್ಯುರಿಟಿ ತೆರೆದು, ವಿಂಡೋಸ್ ಜೊತೆಗೇ ಬರುವ ಆ್ಯಂಟಿವೈರಸ್ ಡಿಫೆಂಡರನ್ನು ಅಪ್‌ಡೇಟ್ ಮಾಡಿ. ಸ್ಕ್ಯಾನ್‌ಗೆ ಮುಂಚೆ ಎಕ್ಸ್‌ಕ್ಲೂಶನ್ಸ್ (ಸ್ಕ್ಯಾನ್ ಮಾಡದೆ ಬಿಡುವ ಜಾಗಗಳು) ಪಟ್ಟಿ ನೋಡಲೇಬೇಕು. ಕೆಲವು ವೈರಸ್‌ಗಳು ತಾವಿರುವ ಫೋಲ್ಡರನ್ನೇ ಅಲ್ಲಿ ಸೇರಿಸಿಕೊಂಡಿರುತ್ತವೆ, ಆಗ ಡಿಫೆಂಡರ್ ಆ ಕಡೆ ತಿರುಗಿಯೂ ನೋಡುವುದಿಲ್ಲ. ನೀವು ಸೇರಿಸದ್ದು ಏನಿದ್ದರೂ ತೆಗೆಯಿರಿ. ಆಮೇಲೆ ಸ್ಕ್ಯಾನ್ ಆಪ್ಶನ್ಸ್‌ನಲ್ಲಿ ಆಫ್‌ಲೈನ್ ಸ್ಕ್ಯಾನ್ ಆರಿಸಿ. ಪಿಸಿ ರೀಸ್ಟಾರ್ಟ್ ಆಗಿ, ವಿಂಡೋಸ್ ಪೂರ್ತಿ ಏಳುವ ಮೊದಲೇ ಸುಮಾರು 15 ನಿಮಿಷ ಹುಡುಕುತ್ತದೆ. ವೈರಸ್ ಮಲಗಿರುವಾಗಲೇ ಹಿಡಿಯುವುದರಿಂದ ಇದರ ಮೇಲೆ ನನಗೆ ಹೆಚ್ಚು ನಂಬಿಕೆ. ಡಬ್ಲ್ಯೂಸ್ಕ್ರಿಪ್ಟ್ ಕಾಣದೆ, ಟಾರ್ಗೆಟ್‌ನಲ್ಲಿ ರನ್‌ಡಿಎಲ್‌ಎಲ್ 32 ಎಂದಿದ್ದರೆ ಕೈಯಾರೆ ಹುಡುಕಬೇಡಿ, ನೇರ ಇದಕ್ಕೇ ಬನ್ನಿ. ನಂತರ ಒಂದು ಫುಲ್ ಸ್ಕ್ಯಾನ್. ಹಳೇ ಹಾರ್ಡ್‌ಡಿಸ್ಕ್ ಇದ್ದರೆ ಗಂಟೆಗಟ್ಟಲೆ ಹಿಡಿಯುತ್ತದೆ, ಯುಪಿಎಸ್ ಇಲ್ಲದಿದ್ದರೆ ಬೆಸ್ಕಾಂನವರು ಕರೆಂಟ್ ತೆಗೆಯುವ ದಿನ ಹಚ್ಚಬೇಡಿ.

ಫುಲ್ ಸ್ಕ್ಯಾನ್ ಸಾಮಾನ್ಯವಾಗಿ ಪೆನ್‌ಡ್ರೈವನ್ನು ಮುಟ್ಟುವುದಿಲ್ಲ. ಅದನ್ನು ಸಿಕ್ಕಿಸಿ, ತೆರೆಯದೆ, ಕಸ್ಟಮ್ ಸ್ಕ್ಯಾನ್‌ನಲ್ಲಿ ಆ ಡ್ರೈವ್ ಒಂದನ್ನೇ ಆರಿಸಿ. ಫೈಲುಗಳನ್ನು ಹೊರತರಲು ಕಮಾಂಡ್ ಪ್ರಾಂಪ್ಟ್ ಬೇಕು. ಡ್ರೈವ್ ಅಕ್ಷರ ಇ ಎಂದುಕೊಳ್ಳಿ. ಇ ಮತ್ತು ಕೋಲನ್ ಒತ್ತಿ ಎಂಟರ್. ಆಮೇಲೆ ಒಂದೇ ಸಾಲಿನಲ್ಲಿ, ಒಂದೊಂದರ ನಡುವೆ ಸ್ಪೇಸ್ ಬಿಟ್ಟು, ಇಂಗ್ಲಿಷ್ ಅಕ್ಷರಗಳಲ್ಲಿ: ಅಟ್ರಿಬ್ (ಎ, ಟಿ, ಟಿ, ಆರ್, ಐ, ಬಿ), ಮೈನಸ್ ಎಸ್, ಮೈನಸ್ ಎಚ್, ಮೈನಸ್ ಆರ್, ಸ್ಲ್ಯಾಶ್ ಎಸ್, ಸ್ಲ್ಯಾಶ್ ಡಿ. ಎಂಟರ್ ಕೊಟ್ಟರೆ ಫೋಲ್ಡರ್‌ಗಳು ಕಾಣಿಸಿಕೊಳ್ಳುತ್ತವೆ. ಎಂಟರ್‌ಗೆ ಮುಂಚೆ ಸಾಲಿನ ಆರಂಭದಲ್ಲಿ ಇ ಇದೆಯೇ ನೋಡಿಕೊಳ್ಳಿ. ಸಿ ಡ್ರೈವಿನಲ್ಲಿ ಇದನ್ನು ಓಡಿಸಿದರೆ ವಿಂಡೋಸ್ ತನ್ನ ಫೈಲುಗಳಿಗೆ ಇಟ್ಟ ರಕ್ಷಣೆಯೇ ಕಳಚುತ್ತದೆ.

ಹೆಸರೇ ಇಲ್ಲದ ಒಂದು ಫೋಲ್ಡರ್ ಕಂಡರೆ ಅದನ್ನು ಡಿಲೀಟ್ ಮಾಡಬೇಡಿ! ಗಮಾರು ಎಂಬ ಬಗೆಯ ವೈರಸ್ ನಿಮ್ಮ ಫೈಲುಗಳನ್ನೆಲ್ಲ ಅದರೊಳಗೇ ತುಂಬಿರುತ್ತದೆ. ಅದೇ ವೈರಸ್ ಎಂದು ತಿಳಿದು ಡಿಲೀಟ್ ಒತ್ತಿದರೆ ವರ್ಷದ ಕೆಲಸ ಹೋದಂತೆಯೇ. (ಆ ವೈರಸ್ ಹಿಡಿದ ಪಿಸಿಗಳನ್ನು ದೂರದಿಂದ ಆಡಿಸುತ್ತಿದ್ದ ಜಾಲವನ್ನು ಹಲವು ದೇಶಗಳ ಪೊಲೀಸರು 2017ರ ನವೆಂಬರ್‌ನಲ್ಲಿ ಮುಚ್ಚಿಸಿದರು. ಆದರೂ ಪೆನ್‌ಡ್ರೈವುಗಳಲ್ಲಿ ಸುತ್ತುವುದು ನಿಂತಿಲ್ಲ.) ವರ್ಡ್, ಪಿಡಿಎಫ್, ಫೋಟೊಗಳನ್ನು ಪಿಸಿಗೆ ಕಾಪಿ ಮಾಡಿ, ತೆರೆದು ನೋಡಿ ಸರಿಯಿವೆ ಎಂದಾದ ಮೇಲಷ್ಟೇ ಪೆನ್‌ಡ್ರೈವ್ ಫಾರ್ಮ್ಯಾಟ್ ಮಾಡಿ.

ಡಿಫೆಂಡರ್ ತೆರೆಯುವುದೇ ಇಲ್ಲ, ಅಥವಾ ಸ್ಕ್ಯಾನ್ ಮಾಡಿದಷ್ಟೂ ಬೇರೆ ಬೇರೆ ಎಕ್ಸ್‌ಇ ಫೈಲುಗಳಲ್ಲಿ ಸಾಲಿಟಿ, ರಾಮ್ನಿಟ್ (ಪ್ರೋಗ್ರಾಮು ಫೈಲುಗಳಿಗೇ ಅಂಟಿಕೊಳ್ಳುವ ವೈರಸ್‌ಗಳು) ಎಂದು ತೋರಿಸುತ್ತಿದೆ ಎಂದರೆ ಹೋರಾಡಬೇಡಿ. ಡಾಕ್ಯುಮೆಂಟ್, ಫೋಟೊ ಮಾತ್ರ ತೆಗೆದಿಟ್ಟು, ಸೆಟಪ್ ಫೈಲು ಒಂದನ್ನೂ ಉಳಿಸಿಕೊಳ್ಳದೆ, ವಿಂಡೋಸ್ ಹೊಸದಾಗಿ ಹಾಕಿ. ಕನಿಷ್ಠ 8 ಜಿಬಿ ಪೆನ್‌ಡ್ರೈವ್ ಬೇಕು, ಅದನ್ನು ಬೇರೆ ಶುದ್ಧ ಪಿಸಿಯಲ್ಲಿ ಮೈಕ್ರೋಸಾಫ್ಟ್ ತಾಣದಿಂದಲೇ ಸಿದ್ಧಮಾಡಿ. ಕ್ರ್ಯಾಕ್ ಮಾಡಿದ ವಿಂಡೋಸ್ ಹಾಕಿಸಿದರೆ ವೈರಸ್ಸನ್ನು ನೀವೇ ಮತ್ತೆ ಮನೆಗೆ ಕರೆದಂತೆ.

ಇಂಥ ವೈರಸ್‌ಗಳಲ್ಲಿ ಕೆಲವು ಕೀಬೋರ್ಡ್ ಒತ್ತಿದ್ದನ್ನೂ ಕದಿಯುತ್ತವೆ. ಆ ಪಿಸಿಯಲ್ಲಿ ಬಳಸಿದ ಇಮೇಲ್, ಬ್ಯಾಂಕ್ ಪಾಸ್‌ವರ್ಡ್‌ಗಳನ್ನು ಇವತ್ತೇ ಫೋನಿನಿಂದ ಬದಲಿಸಿ. ಹಣ ಹೋಗಿದ್ದು ಗೊತ್ತಾದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಮುಂದೆ ಪ್ರಿಂಟ್‌ಗೆ ಪಿಡಿಎಫ್ ಮಾಡಿ ಇಮೇಲಿನಲ್ಲೋ ವಾಟ್ಸಾಪಿನಲ್ಲೋ ಅಂಗಡಿಗೆ ಕಳಿಸಿ. ಪೆನ್‌ಡ್ರೈವೇ ಬೇಕೆಂದರೆ ಅದೊಂದು ಪಿಡಿಎಫ್ ಮಾತ್ರ ಇರುವ ಬೇರೆ ಪೆನ್‌ಡ್ರೈವ್ ಕೊಡಿ. ಆ ಅಂಗಡಿಯವರಿಗೂ ಶಾರ್ಟ್‌ಕಟ್ ತೋರಿಸಿ, ಅವರ ಪಿಸಿಗೂ ಆಫ್‌ಲೈನ್ ಸ್ಕ್ಯಾನ್ ಮಾಡಲು ಹೇಳಿ. ಅದೇ ವಾರ ಅಲ್ಲಿ ಪ್ರಿಂಟ್ ತೆಗೆಸಿದ ನಿಮ್ಮ ಕ್ಲಾಸಿನವರಿಗೂ ಇವತ್ತೇ ತಿಳಿಸಿ, ಅವರು ತಮ್ಮ ಪೆನ್‌ಡ್ರೈವ್ ಫಾರ್ಮ್ಯಾಟ್ ಮಾಡುವ ಮೊದಲು.