ಹಾಲುಹುಡಿಗೆ ತೆಂಗಿನೆಣ್ಣೆ ಬೆರೆಸಬಹುದಾ?

ಪ್ರಶ್ನೆ: ಮಗುವಿಗೆ ನಾಲ್ಕು ತಿಂಗಳು. ಎದೆಹಾಲು ಸಾಲದೆ, ಡಾಕ್ಟರ್ ಹೇಳಿದ ಮೇಲೆ ಶಿಶುಗಳ ಹಾಲುಹುಡಿಯನ್ನೂ (ಫಾರ್ಮುಲಾ) ಕೊಡುತ್ತಿದ್ದೇನೆ. ಆಮೇಲೆ ಕಕ್ಕ ಗಟ್ಟಿಯಾಗಿದೆ. ಡಬ್ಬಿಯ ಮೇಲೆ ತಾಳೆ ಎಣ್ಣೆ ಅಂತ ಇದೆ. ನಮ್ಮ ತೋಟದ ತೆಂಗಿನೆಣ್ಣೆ ನಾಲ್ಕು ಹನಿ ಹಾಕು ಅನ್ನುತ್ತಾರೆ ಅತ್ತೆ. ಹಾಕಬಹುದಾ?
– ಓದುಗರು, ಬದಿಯಡ್ಕ

ಉತ್ತರ: ಬೇಡ. ತೆಂಗಿನೆಣ್ಣೆ ಮೇಲೆ ನಮ್ಮ ಕಾಸರಗೋಡಿನವರಿಗೆ ಇರುವ ನಂಬಿಕೆ ನನಗೂ ಗೊತ್ತು. ಎಷ್ಟೋ ಡಬ್ಬಿಗಳಲ್ಲಿ ಅದು ಮೊದಲೇ ಇರುತ್ತದೆ ಕೂಡ. ಆದರೆ ಅದರಲ್ಲಿ ಹತ್ತಿರ ಹತ್ತಿರ ಅರ್ಧ ಲಾರಿಕ್ ಆಮ್ಲ ಎಂಬ ಕೊಬ್ಬಿನಾಮ್ಲ (ಕೊಬ್ಬಿನ ಒಂದು ತುಣುಕು). ತಾಯಿಹಾಲಿನ ಕೊಬ್ಬಿನಲ್ಲಿ ಅದು ಬಹಳ ಕಮ್ಮಿ. ಕಂಪನಿಯವರು ಅಳೆದು ಬೆರೆಸಿದ್ದನ್ನು ನಾವು ಸುಮ್ನೆ ಕೆಡಿಸುವುದು ಯಾಕೆ?

ತಾಳೆ ಎಣ್ಣೆಯ ಬಗ್ಗೆ ನಿಮ್ಮ ಅನುಮಾನದಲ್ಲಿ ಹುರುಳಿದೆ. ತಾಯಿಹಾಲಿನ ಕೊಬ್ಬಿನಲ್ಲಿ ಸುಮಾರು 20–25% ಪಾಲ್ಮಿಟಿಕ್ ಆಮ್ಲ ಎಂಬ ಇನ್ನೊಂದು ಕೊಬ್ಬಿನಾಮ್ಲ. ಅಷ್ಟನ್ನು ತುಂಬಿಸಲು ತಾಳೆ ಎಣ್ಣೆ ಅಗ್ಗದ ದಾರಿ. ತೊಡಕು ಇರುವುದು ಪ್ರಮಾಣದಲ್ಲಲ್ಲ, ಜಾಗದಲ್ಲಿ. ಕೊಬ್ಬಿನ ಅಣು ಅಂದರೆ ಮೂವರು ಕೂರುವ ಬಸ್ ಸೀಟು; ಕೂರುವವರು ಇಂಥ ಕೊಬ್ಬಿನಾಮ್ಲಗಳು. ತಾಯಿಹಾಲಿನ ಪಾಲ್ಮಿಟಿಕ್‌ನಲ್ಲಿ 60–70% ಪಾಲು ನಡುವಿನ ಜಾಗದಲ್ಲೇ ಇರುತ್ತದೆ. ತಾಳೆ ಎಣ್ಣೆಯಲ್ಲಿ ಹೆಚ್ಚಿನದ್ದು ಎರಡು ಬದಿಗಳಲ್ಲಿ. ಮಗುವಿನ ಕರುಳಿನಲ್ಲಿ ಕಿಣ್ವ ಕತ್ತರಿಸುವುದು ಆ ಬದಿಯದನ್ನೇ. ಹಾಗೆ ಬಿಡಿಯಾದ ಪಾಲ್ಮಿಟಿಕ್ ಕ್ಯಾಲ್ಸಿಯಂ ಜೊತೆ ಸೇರಿ ಸೋಪಾಗುತ್ತದೆ. ಹೌದು, ಸೋಪೇ! ಅದು ಕರಗದು. ಕಕ್ಕ ಗಟ್ಟಿಯಾಗುತ್ತದೆ, ಒಂದಿಷ್ಟು ಕೊಬ್ಬು, ಕ್ಯಾಲ್ಸಿಯಂ ಅದರ ಜೊತೆಗೇ ಹೊರಗೆ ಹೋಗುತ್ತದೆ.

ಪಾಲ್ಮಿಟಿಕ್ ನಡುವೆ ಇರುವ ಜೋಡಣೆ ಹಂದಿ ಕೊಬ್ಬಿನಲ್ಲೂ ಇದೆ. ಆದರೆ ಅದನ್ನು ಮಗುವಿಗೆ ಕೊಡಲು ನಮ್ಮೂರಲ್ಲಿ ಎಷ್ಟು ಜನ ಒಪ್ಪಿಯಾರು? ಹಾಗಾಗಿ ತಜ್ಞರು ಬೇರೆ ದಾರಿ ಹಿಡಿದರು. ತಾಳೆ ಎಣ್ಣೆಯ ಗಟ್ಟಿ ಭಾಗಕ್ಕೆ ಒಲೀಕ್ ಆಮ್ಲ ಎಂಬ ಬೇರೆ ಕೊಬ್ಬಿನಾಮ್ಲ ಬೆರೆಸಿ, ಬದಿಗಳನ್ನಷ್ಟೇ ಮುಟ್ಟುವ ಕಿಣ್ವ ಬಿಟ್ಟರು. ಬದಿಗಳಿಗೆ ಒಲೀಕ್ ಬಂತು, ಪಾಲ್ಮಿಟಿಕ್ ನಡುವೆ ಉಳಿಯಿತು. ಇದೇ ಓಪಿಒ (OPO) ಕೊಬ್ಬು, ಅಂದರೆ ಒಲೀಕ್–ಪಾಲ್ಮಿಟಿಕ್–ಒಲೀಕ್. 1990ರ ದಶಕದಲ್ಲೇ ಬೀಟಾಪೋಲ್ ಹೆಸರಿನಲ್ಲಿ ಬಂದಿದೆ. ಇಂಥ ಹಾಲು ಕುಡಿದ ಮಕ್ಕಳ ಕಕ್ಕ ಮೆತ್ತಗಿರುವುದು ಪರೀಕ್ಷೆಗಳಲ್ಲಿ ಕಂಡಿದೆ. ಹಾಗಂತ ತಾಯಿಹಾಲಿಗೆ ಸಮ ಅನ್ನಲಾರೆ. ಅದರ ಕೊಬ್ಬಿನ ಹನಿಗಳಿಗಿರುವ ಪೊರೆ, ನೂರಾರು ಬಗೆಯ ಕೊಬ್ಬಿನ ಅಣುಗಳು ಇನ್ನೂ ಪೂರ್ತಿ ನಕಲಿಗೆ ಸಿಕ್ಕಿಲ್ಲ.

ಡಬ್ಬಿಯಲ್ಲಿ ‘ಓಪಿಒ’ ಅಥವಾ ‘ಬೀಟಾ ಪಾಲ್ಮಿಟೇಟ್’ (ಪಾಲ್ಮಿಟಿಕ್ ನಡುವೆ ಇರುವ ಕೊಬ್ಬು) ಇದೆಯಾ ನೋಡಿ. ಇಲ್ಲದಿದ್ದರೆ ಹುಡಿ ಬದಲಿಸುವ ಮೊದಲು ಡಾಕ್ಟರನ್ನು ಕೇಳಿ. ಹುಡಿ ಜಾಸ್ತಿ, ನೀರು ಕಮ್ಮಿ ಆದರೂ ಕಕ್ಕ ಗಟ್ಟಿಯಾಗುತ್ತದೆ, ಅಳತೆ ಸರಿಯಿದೆಯಾ ಗಮನಿಸಿ. ಎದೆಹಾಲು ಬರುವಷ್ಟು ಕೊಡುತ್ತಲೇ ಇರಿ. ಕಕ್ಕದಲ್ಲಿ ರಕ್ತ ಕಂಡರೆ, ಹೊಟ್ಟೆ ಉಬ್ಬಿ ವಾಂತಿಯಾದರೆ ಅವತ್ತೇ ಆಸ್ಪತ್ರೆಗೆ ಹೋಗಿ.